ಮೀಸೆ ಮಾತ್ರ ಹೋಗಿದೆ

ತೀರ್ಥರೂಪ ಅಪ್ಪಾ ಅವರಿಗೆ,

ನೀವು ಗಟ್ಟಿಮುಟ್ಟಾಗಿದ್ದೀರಿ ಎಂಬುದು ಚೆನ್ನಾಗಿ ಗೊತ್ತಿದ್ದೂ ಮೀಸೆ ಬೋಳಿಸಿಕೊಂಡು ಕೂತಿರುವ ನಿಮ್ಮ ಮಗ ಪ್ರಹ್ಲಾದ ಚೀನಾದಿಂದ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ನನ್ನ ಮುಖ ಕಾಣಿಸುತ್ತಿಲ್ಲವೆಂದು ಅವ್ವ ಸಿಟ್ಟಾಗಿದ್ದಾಳೆ. ನೆಟ್ ಸರಿಯಿಲ್ಲ ಎಂದಿದ್ದೆ. ನೆಟ್ ಚಲೋ ಇದೆ, ಮುಖವೇ ಸರಿಯಿಲ್ಲ. ನಿಮಗಂತೂ ಫೋನಿನ ಮಾತು ಕೇಳಿಸುವುದಿಲ್ಲ. ಅಂಗಡಿಯ ಗೌತಮ ಇದನ್ನು ಪ್ರಿಂಟ್ ತೆಗೆಸಿ ತಂದುಕೊಡುತ್ತಾನೆ. ಅವ್ವನ ಎದುರು ಓದಬೇಡಿ.

ಅಂಗಡಿಗೆ ಬಳೆ, ಕ್ಲಿಪ್ಪು ಕೊಳ್ಳಲು ಬಂದವನಿಗೆ ಇಲ್ಲಿ ಕ್ಷೌರದ ಉಸಾಬರಿ ಯಾಕೆ ಬೇಕಿತ್ತು? ಭಾನುವಾರ ಗಜೇಂದ್ರಗಡದವರು ನಮ್ಮ ದೀಪಶ್ರೀಯನ್ನು ನೋಡಲು ಬರುತ್ತಾರೆ, ಹುಡುಗಿಯ ಅಪ್ಪ ನೀಟಾಗಿ ಕಾಣಲಿ ಎಂದು ಹೋದೆ. ನರಗುಂದದಲ್ಲಿ ಬೇಡವೆಂದವರ ಚೀಲಕ್ಕೂ ಮಾಲು ತುಂಬಿಸುವ ನಾಲಿಗೆ ನನ್ನದು. ಆ ಕುರ್ಚಿಯಲ್ಲಿ ಮೂಕನಾದೆ. ಫೋನು ತರ್ಜುಮೆ ಮಾಡುತ್ತದಂತೆ. ನಮ್ಮ ಕಡೆಯ ಮಾತು ಅದಕ್ಕೂ ತಿಳಿಯಲಿಲ್ಲ. ಕತ್ತರಿ ಹಿಡಿದ ಹೆಂಗಸು ಕೂದಲನ್ನೇನೋ ಒಪ್ಪವಾಗಿಯೇ ಕತ್ತರಿಸಿದಳು. ಆಮೇಲೆ ಮೀಸೆಯತ್ತ ಬೆರಳು ಮಾಡಿ ಏನೋ ಕೇಳಿದಳು. ಊರೇ ಹೊಗಳುವ ಮೀಸೆ, ಇವಳೂ ಹೊಗಳುತ್ತಿದ್ದಾಳೆಂದು ತಿಳಿದು, ಅದರ ಮೇಲೆ ಬೆರಳಾಡಿಸಿ, ಗೋಣು ಹಾಕಿ, ಸುಖವಾಗಿ ಕಣ್ಣು ಮುಚ್ಚಿದೆ. ತೆರೆದಾಗ ಕನ್ನಡಿಯಲ್ಲಿ ಯಾವುದೋ ಸೂತಕದ ಮನೆಯವನು ಕೂತಿದ್ದ.

ಜಗಳ ತೆಗೆಯೋಣವೆಂದರೆ ಬೈಯಲಿಕ್ಕೂ ಭಾಷೆ ಬೇಕಲ್ಲ. ಜೊತೆಗೆ ಬಂದಿದ್ದ ಬ್ಯಾಗಿನ ವ್ಯಾಪಾರಿ ಅಲ್ತಾಫನಾದರೂ ನನ್ನ ಪರ ನಿಲ್ಲಬೇಕೋ ಬೇಡವೋ? "ಪ್ರಹ್ಲಾದಣ್ಣ, ನೀವ ಮುಟ್ಟಿ ತೋರಿಸಿ ಗೋಣು ಹಾಕಿದ್ರಿ. ಗಿರಾಕಿ ತೋರಿಸಿದ್ದನ್ನ ತಗದ ಕೊಡೂದ ವ್ಯಾಪಾರ ಅಲ್ಲೇನ್ರಿ?" ಎಂದ.

"ತಂದಿ ಇರೂತನಕಾ ಮೀಸಿಗೆ ಕತ್ತಿ ಹಚ್ಚಬ್ಯಾಡ" ಎಂದು ಹೇಳಿಕೊಟ್ಟವರು ನೀವು. ಶನಿವಾರ ನಾನು ಈ ಮೋರೆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ, ಮನೆ ಮುಟ್ಟುವ ಮೊದಲೇ ನೀವು ಹೋದಿರೆಂಬ ಸುದ್ದಿ ಗಜೇಂದ್ರಗಡ ಮುಟ್ಟುತ್ತದೆ. ಸತ್ತವರ ಮನೆಗೆ ಹೆಣ್ಣು ನೋಡಲು ಯಾರು ಬರುತ್ತಾರೆ? ಫೋಟೋ ನೋಡಿ, ಹುಡುಗ ಹಿಡಿಸಿದ್ದಾನೆಂದು ಕೂಸು ಮೊದಲ ಸಲ ಬಾಯಿಬಿಟ್ಟು ಹೇಳಿದ್ದಾಳೆ.

ಆದ್ದರಿಂದ, ಮೊಣಕಾಲು ನೋವೆನ್ನದೆ ಹಳದಿ ರುಮಾಲು ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬನ್ನಿ. ಪೇಟೆಯೊಳಗಿಂದ ನಡೆದೇ ಹೋಗೋಣ, ನೀವು ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾ ನಡೆಯಿರಿ, ಜೋರಾಗಿ. ನೀವು ಇದ್ದೀರೆಂಬುದು ಪ್ರತಿ ಅಂಗಡಿಯವನಿಗೂ ಖಾತ್ರಿಯಾಗಲಿ.

ನೂರು ವರ್ಷ ಬಾಳಿ. ಈ ಮೀಸೆ ಬೆಳೆಯುವವರೆಗಂತೂ ಸೀನಲೂ ಬೇಡಿ.

ನಿಮ್ಮ ಬೋಳುಮೋರೆಯ ಮಗ,
ಪ್ರಹ್ಲಾದ