ಸೋಮವಾರದ ಉಸಿರು

ಅಜ್ಜಂಪುರ, ೧೯೭೯

ಪಂಕಜಕ್ಕನಿಗೆ ಷಡಕ್ಷರಿಯ ಶರಣು.

ಮೇಸ್ತ್ರಿಯ ಜೊತೆ ಜಗಳವಾಡಿ ದಾವಣಗೆರೆಯ ಮಿಲ್ಲು ಬಿಟ್ಟೆ ಎಂದು ನಿನಗೂ ಭಾವನಿಗೂ ಹೇಳಿದ್ದು ಸುಳ್ಳು. ಉಸಿರಾಡಲಾಗದೆ ಬಿಟ್ಟೆ. ಓದು ಬಿಟ್ಟವನು, ಸೈಕಲ್ ಶಾಪು ಬಿಟ್ಟವನು, ಇದನ್ನೂ ಬಿಟ್ಟ ಎಂದು ನೀವು ಬೈದಿರಿ. ಆ ಬೈಗುಳವೇ ಮೇಲು ಅನ್ನಿಸಿತ್ತು. ಈ ವಯಸ್ಸಿಗೆ ಮುದುಕರ ದಮ್ಮು ಎಂದು ಹೇಳಿಕೊಳ್ಳಲು ನಾಚಿಕೆ.

ನನಗೂ ಅದು ಸೋಮವಾರವೇ ಬರುತ್ತಿತ್ತು, ಭಾವನಿಗೆ ಬರುತ್ತಿದ್ದ ಹಾಗೆ. ಭಾನುವಾರ ಮನೆಯಲ್ಲಿದ್ದು ಮರುದಿನ ಹತ್ತಿ ಬಿಡಿಸುವ ಕೋಣೆಗೆ ಕಾಲಿಟ್ಟರೆ ಸಂಜೆಯೊಳಗೆ ಎದೆಗೆ ಹಗ್ಗ ಬಿಗಿದಂತೆ. ವಾರ ಕಳೆಯುತ್ತಾ ಸಡಿಲ. ಅದಕ್ಕೇ ನಿಮ್ಮ ಓಣಿಯವರೆಲ್ಲ ರಜೆಯನ್ನೇ ಕಾಯಿಲೆ ಎಂದುಕೊಂಡಿದ್ದೀರಿ. "ಮನೇಲಿ ಕೂತ್ರೆ ಎದೆ ಹಿಡ್ಕಂತದೆ ಕಣೋ" ಎಂದು ಭಾವ ಭಾನುವಾರ ಪಕ್ಕದ ಮಿಲ್ಲಿಗೆ ಕೂಲಿಗೆ ಹೋಗುತ್ತಾರೆ. ಹಬ್ಬಕ್ಕೆ ಇಲ್ಲಿಗೆ ಬಂದು ಹೋದಮೇಲಂತೂ ವಿಪರೀತವಾಯಿತೆಂದು ಬರುವುದನ್ನೇ ಬಿಟ್ಟರು. "ನಿಮ್ ಭಾವಂಗೆ ಅತ್ತೆ ಮನೆ ಹೋಳಿಗೆ ಆಗಲ್ಲ ಕಣೋ, ಮಿಲ್ಲಿನ್ ಗಾಳೀನೇ ಪಥ್ಯ" ಎಂದು ನೀನು ನಕ್ಕೆ. ಇಲ್ಲಿ ಅವ್ವ, "ನಾನೇನ್ ವಿಷ ಬಡಿಸಿದ್ನೇನೋ?" ಎಂದು ಅತ್ತಳು. ಈಗ ಭಾವನಿಗೆ ನೀರಿನ ಕೊಡ ಎತ್ತಿದರೂ ಏದುಸಿರು.

ಅಕ್ಕ, ಮನೆಯೇ ಕಾರಣವಾಗಿದ್ದರೆ ಈ ಹೊತ್ತಿಗೆ ನಾನು ಸತ್ತಿರಬೇಕಿತ್ತು. ಮುಂಗಾರಿನಿಂದ ಇಲ್ಲೇ ಇದ್ದೇನೆ. ಸೋಮವಾರ ಬರುತ್ತದೆ, ಹೋಗುತ್ತದೆ. ಅವ್ವನ ಹೋಳಿಗೆ ತಿಂದು ಸ್ಟೇಷನ್ನಿನವರೆಗೆ ಓಡಿ ಬರುತ್ತೇನೆ. ನನಗೆ ತೋಚುವುದಿಷ್ಟು: ಒಂದು ದಿನ ಒಳ್ಳೆಯ ಗಾಳಿ ಕಂಡ ಎದೆ ಮರುದಿನ ದೂಳನ್ನು ಒಲ್ಲೆ ಎನ್ನುತ್ತದೆ. ಶನಿವಾರದ ಹೊತ್ತಿಗೆ ಹಾಗೆನ್ನುವ ಶಕ್ತಿಯೂ ಅದಕ್ಕಿರುವುದಿಲ್ಲ. ಅದನ್ನೇ ನಾವು ವಾಸಿಯಾಯಿತು ಎಂದುಕೊಂಡೆವು.

ಇಲ್ಲೂ ಒಂದು ಹತ್ತಿ ಗಿರಣಿ ಇದೆ. ಅದರ ದೂಳು ಬಯಲಿಗೆ ಹೋಗುತ್ತದೆ. ಅಲ್ಲಿ ಮಿಲ್ಲಿನ ಬೆನ್ನಿಗೆ ಮಿಲ್ಲು, ನಡುವೆ ನಿಮ್ಮ ಓಣಿ. ಒಂದರ ದೂಳು ಇನ್ನೊಂದರ ಗೋಡೆಗೆ ಬಡಿದು ನಿಮ್ಮ ಅಂಗಳದಲ್ಲೇ ಇಳಿಯುತ್ತದೆ. ಮಿಲ್ಲಿನೊಳಗೆ ಎಂದೂ ಕಾಲಿಡದ ನೀನೂ ಕೆಮ್ಮುತ್ತೀಯ. ತೊಟ್ಟಿಲಲ್ಲಿರುವ ಮಗುವೂ.

ಭಾವನಿಗೆ ಕೆಲಸ ಹೋದೀತೆಂಬ ಭಯ. ಬದಲಿ ಆಳು ಕೊಟ್ಟರೆ ಹೋಗುವುದಿಲ್ಲ. ಮೇಸ್ತ್ರಿಗೆ ಹೇಳಿಕಳುಹಿಸಿ ಕೇಳಿದ್ದೇನೆ, ಒಪ್ಪಿದ್ದಾನೆ. ಒಂದು ತಿಂಗಳು ಅವರ ಜಾಗದಲ್ಲಿ ನಾನು ನಿಲ್ಲುತ್ತೇನೆ. ನೀವು ಮೂವರೂ ಅವ್ವನ ಹತ್ತಿರ ಇರಿ. ಭಾವ ಇಲ್ಲಿ ಉಸಿರಾಡಿ ನೋಡಲಿ, ಆಮೇಲೆ ಅವರೇ ನಿರ್ಧರಿಸಲಿ. ನನಗೆ ಹೆದರಿಕೆ ಇಲ್ಲವೆಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಎದುರಿಗೆ ಹೇಳಿದರೆ ನೀನು ನಕ್ಕು ಮಾತು ತೇಲಿಸುತ್ತೀಯ. ಅದಕ್ಕೇ ಬರೆದು, ನಾನೇ ತಂದು ಕೊಡುತ್ತಿದ್ದೇನೆ. ಭಾವನಿಗೂ ಓದಿ ಹೇಳು. ಮಗುವಿನ ಎದೆ ಬಾಳೆಲ್ಲ ಹಗುರವಾಗಿರಲಿ.

ನಾಳೆ ಬೆಳಗಿನ ರೈಲಿಗೆ ಇಲ್ಲಿಂದ ಹೊರಡುತ್ತೇನೆ.

ನಿನ್ನ ತಮ್ಮ,
ಷಡಕ್ಷರಿ