ಪ್ರಾಸವಿಲ್ಲದ ಡಾಕ್ಟರಮ್ಮ

ಮಾರ್ಚ್ ೧೨, ಗುರುವಾರ

ಇವರು ಇಂದು ಸಿಗರೇಟಿನ ಪ್ಯಾಕೆಟ್ಟನ್ನು ತಾವಾಗಿಯೇ ಕಸದ ಬುಟ್ಟಿಗೆ ಹಾಕಿದರು. ಖುಷಿಪಡಬೇಕಾದ ನಾನು ಹೊಟ್ಟೆ ಉರಿಸಿಕೊಂಡು ಕುಳಿತಿದ್ದೇನೆ.

"ಮೊನ್ನೆ ಕರುಳಿನ ಪರೀಕ್ಷೆ ಮಾಡಿದ್ರಲ್ಲ, ಆ ಡಾಕ್ಟರಮ್ಮ ಹೇಳಿದ್ರು ಕಣೇ. ದೊಡ್ಡ ಕರುಳಿನ ಕ್ಯಾನ್ಸರ್ ಈಗ ಐವತ್ತು ದಾಟದ ನಮ್ಮಂಥವರಿಗೂ ಜಾಸ್ತಿ ಬರ್ತಿದೆಯಂತೆ. ಸೇದಬಾರದಂತೆ, ಸೊಪ್ಪು ತರಕಾರಿ ತಿನ್ಬೇಕಂತೆ, ಕೂತಲ್ಲೇ ಕೂರಬಾರದಂತೆ."

ಮದುವೆಯಾದಾಗಿನಿಂದ ನಾನು ಹೇಳುತ್ತಿರುವುದು ಇದನ್ನೇ ಅಲ್ಲವೇ? 'ಬೆರಳಲ್ಲಿ ಹೊಗೆ, ಕರುಳಿಗೆ ಹಗೆ' ಎಂದು ಪ್ರಾಸ ಕಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವಳು ನಾನು. ನಾನು ಹೇಳಿದರೆ ಗೊಣಗಾಟ, ಆಕೆ ಹೇಳಿದರೆ ವೇದವಾಕ್ಯ. ಅದೂ ಪ್ರಾಸವೇ ಇಲ್ಲದ ಒಣ ಮಾತು!

ಈಗ ಇವರು ತಮ್ಮ ರಿಪೇರಿ ಅಂಗಡಿಯ ಗೋಡೆ ಗಡಿಯಾರ ಗಂಟೆ ಹೊಡೆದಾಗಲೆಲ್ಲ ಎದ್ದು ಬೀದಿಯ ತುದಿಯವರೆಗೆ ನಡೆದು ಬರುತ್ತಾರಂತೆ. ನಾನು ಕೂಗಿದರೆ ಊಟಕ್ಕೂ ಏಳದ ಮನುಷ್ಯ.

"ಆಕೆ ನೋಡೋಕೆ ಚೆನ್ನಾಗಿದ್ದಾರಾ?" ಎಂದು ಕೇಳಿಯೇಬಿಟ್ಟೆ.

"ಅವರು ನನ್ನ ಕರುಳು ನೋಡ್ತಿದ್ರು. ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ, ಮಾರಾಯ್ತಿ!"

ನಕ್ಕೆವು. ಆದರೆ ಅವತ್ತು ಕರುಳಿನಿಂದ ಒಂದು ಗಂಟು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಅದು ಎಂಥದ್ದೆಂದು ಶನಿವಾರ ತಿಳಿಯುತ್ತದೆ.

ಪಕ್ಕದಲ್ಲಿ ಗೊರಕೆ ಶುರುವಾಗಿದೆ. ದಿಂಬಿನ ಹೊಗೆ ವಾಸನೆ ಇನ್ನೂ ಹೋಗಿಲ್ಲ. ಅದು ಬರೀ ಗಂಟಾಗಿದ್ದರೆ ಸಾಕು, ಕೀರ್ತಿಯೆಲ್ಲ ಡಾಕ್ಟರಮ್ಮನಿಗೇ ಹೋಗಲಿ. ಫ್ರಿಜ್ಜಿನ ಮೇಲೆ ಆಕೆಯ ಒಣ ಮಾತನ್ನೇ ನನ್ನ ಕೈಯಾರೆ ಬರೆದು ಅಂಟಿಸುತ್ತೇನೆ. ಪ್ರಾಸವಿಲ್ಲದಿದ್ದರೂ ಚಿಂತೆಯಿಲ್ಲ, ಇವರು ಇದ್ದರೆ...