ಕೆಳಮನೆ ಅಜ್ಜಿಯ ಸೋಪು

ಮಾರ್ಚ್ ೧೪, ಶುಕ್ರವಾರ

ಅಜ್ಜಿಯ ಕೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಬೆರಳ ಸಂದಿಯಲ್ಲೆಲ್ಲ ಕೆಂಪು ಗುಳ್ಳೆ.

ಕೆಳಮನೆ ಅಜ್ಜಿಗೆ ವಾರದ ಸಾಮಾನು ತಂದುಕೊಡುವವಳು ನಾನೇ. ಅವರು ಕೇಳುವುದು ಅದೊಂದೇ ಹಳೇ ಸೋಪು. ಎರಡು ತಿಂಗಳಿಂದ 'ಸಿಗಲಿಲ್ಲ ಅಜ್ಜಿ' ಎಂದು ಬೇರೆಯದನ್ನು ತರುತ್ತಿದ್ದೇನೆ. ಅದರ ಬಿಲ್ಲಿನ ಫೋಟೊ ಹಾಕಿದರೆ ಆ್ಯಪಿನಲ್ಲಿ ನನಗೆ ಕ್ಯಾಶ್‌ಬ್ಯಾಕ್, ಅದೂ ಚಿಲ್ಲರೆ ಕಾಸು. ಹಳೆಯದು ಪಕ್ಕದಲ್ಲೇ ಇರುತ್ತದೆ, ಅಂಗಡಿಯ ಅದೇ ಕಪಾಟಿನಲ್ಲಿ. ಥೂ.

ಇವತ್ತು ಅವರೇ ನನಗೆ ಸಮಾಧಾನ ಹೇಳಿದರು: "ಸೋಪಿನ ತಪ್ಪಲ್ಲಮ್ಮ, ನನ್ನ ಚರ್ಮಕ್ಕೇ ವಯಸ್ಸಾಯ್ತು." ನಾನು ಹೂಂ ಎಂದೆ.

ಹೊರಡುವಾಗ ನೀಟಾಗಿ ಮಡಿಸಿಟ್ಟ ಒಂದು ಬಿಲ್ಲು ಕೈಗಿಟ್ಟರು. "ನೀನು ಬಿಲ್ಲೆಲ್ಲ ಕೂಡಿಡ್ತೀಯಲ್ಲ, ಇದೂ ಇಟ್ಕೋ."

ಕೈಗೆ ಹಚ್ಚಲು ತರಿಸಿದ ಮುಲಾಮಿನ ಬಿಲ್ಲು.

ಅದಕ್ಕೂ ಕ್ಯಾಶ್‌ಬ್ಯಾಕ್ ಇದೆಯಾ ಎಂದು ಮೆಟ್ಟಿಲು ಹತ್ತುತ್ತಲೇ ನೋಡಿಬಿಟ್ಟೆ.

ಇತ್ತು.